ನೊಣಕ್ಕೆ ಇಟ್ಟ ಬೆಲ್ಲ

೧೯೮೪ರ ಬೇಸಿಗೆಯಲ್ಲಿ ನಾನು ಅಫಜಲಪುರ ತಾಲೂಕಿನ ಒಂದು ಸರ್ಕಾರಿ ದವಾಖಾನೆಯಲ್ಲಿ ಆಯಾ ಆಗಿದ್ದೆ. ಊರು ಭೀಮಾ ಹೊಳೆಯ ದಂಡೆಯಲ್ಲಿತ್ತು. ಹೆಸರು ಬರೆಯುವುದಿಲ್ಲ, ಆ ಜನ ಇನ್ನೂ ಇದ್ದಾರೆ. ಆಯಾ ಅಂದರೆ ಕಸ ಗುಡಿಸುವವಳು, ಹೆರಿಗೆಗೆ ನೀರು ಕಾಯಿಸುವವಳು, ರಕ್ತದ ಬಟ್ಟೆ ಒಗೆಯುವವಳು, ಹುಟ್ಟಿದ ಕೂಸನ್ನು ಒರೆಸಿ ತಾಯಿಯ ಮಗ್ಗುಲಿಗೆ ಹಾಕುವವಳು. ಮತ್ತೆ ಯಾರೂ ಮಾಡದ ಕೆಲಸ ಉಳಿದಿದ್ದರೆ ಅದೂ ಆಯಾಳ ಪಾಲಿಗೇ ಬರುತ್ತದೆ.

ನಾನು ಆಳಂದ ತಾಲೂಕಿನ ಹಿರೋಳ್ಳಿಯವಳು. ಗಂಡ ಸತ್ತ ಮೇಲೆ ಆಳಂದದಲ್ಲಿ ಈ ಕೆಲಸಕ್ಕೆ ಸೇರಿದೆ. ಮಕ್ಕಳಿಲ್ಲ. ಸಹಿ ಮಾಡುವುದನ್ನೂ ಅಕ್ಷರ ಕೂಡಿಸಿ ಓದುವುದನ್ನೂ ಅಲ್ಲಿಯ ನರ್ಸಬಾಯಿ ಕಲಿಸಿದಳು. ಎಂಟು ವರ್ಷದ ಮೇಲೆ ವರ್ಗ ಮಾಡಿದರು. ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ ತಗೊಂಡು ಬಸ್ಸಿನಲ್ಲಿ ಇಲ್ಲಿಗೆ ಬಂದೆ. ಕರೆದುಕೊಂಡು ಹೋಗಲು ಯಾರೂ ಬಂದಿರಲಿಲ್ಲ. ಯಾರು ಬರಬೇಕಿತ್ತು?

ದವಾಖಾನೆ ಊರಿನಿಂದ ಎರಡು ಹೊಲದ ಆಚೆಗೆ ಇತ್ತು. ಡಾಕ್ಟರು ಮಂಗಳವಾರ ಮತ್ತು ಶುಕ್ರವಾರ ಮಾತ್ರ ಬರುತ್ತಿದ್ದರು. ನರ್ಸು ನಾಲ್ಕು ಊರು ತಿರುಗುವವಳು, ಹೆರಿಗೆ ಇದ್ದರೆ ಬರುವಳು. ದಿನಾ ಇರುವವರು ಇಬ್ಬರೇ: ಗುಳಿಗೆ ಕೊಡುವ ಕಂಪೌಂಡರು, ನಾನು. ಕಂಪೌಂಡರು ಸಂಜೆ ಐದಕ್ಕೆ ಸೈಕಲ್ ಹತ್ತಿ ಊರೊಳಗಿನ ತಮ್ಮ ಮನೆಗೆ ಹೋಗುತ್ತಿದ್ದರು. ಹಿಂದಿನ ಖೋಲಿಯಲ್ಲಿ ನಾನೊಬ್ಬಳೇ ಉಳಿಯುತ್ತಿದ್ದೆ. ಊರಿನ ಹೆಂಗಸರು ನನ್ನೊಂದಿಗೆ ಮಾತು ಬೆಳೆಸುತ್ತಿರಲಿಲ್ಲ. ಹೆಣ ಮುಟ್ಟುವವಳು, ಮೈಲಿಗೆ ಬಟ್ಟೆ ಒಗೆಯುವವಳು ಅಂತ ಬಾವಿಯ ಹತ್ತಿರ ಸ್ವಲ್ಪ ಸರಿದು ನಿಲ್ಲುತ್ತಿದ್ದರು. ಕೆಲವು ದಿನ ನನ್ನ ದನಿ ನಾನು ಕೇಳಿದ್ದು ಕೋಳಿ ಓಡಿಸುವಾಗ ಮಾತ್ರ. ಅಳುವಷ್ಟು ದೊಡ್ಡ ವಿಷಯ ಅಲ್ಲ ಅದು. ಆದರೆ ಇತ್ತು.

ಮಾರ್ಚ್ ಮುಗಿಯುತ್ತಲೇ ನೊಣ ಶುರುವಾದವು. ಹೊಳೆ ದಂಡೆಯಲ್ಲಿ ಕಬ್ಬಿನ ಗಾಣಗಳಿದ್ದವು. ದವಾಖಾನೆ ಗೋಡೆಗೆ ಹೊಂದಿಕೊಂಡೇ ಒಬ್ಬ ಗೌಡರ ತಿಪ್ಪೆ. ಬೇವಿನ ಮರದ ನೆರಳಿಗೆ ಊರಿನ ಎಮ್ಮೆಗಳೆಲ್ಲ ನಮ್ಮ ಅಂಗಳಕ್ಕೇ ಬರುತ್ತಿದ್ದವು. ನಮ್ಮವರೇ ಗಾಯದ ಹತ್ತಿಯನ್ನು ಹಿತ್ತಲಿಗೆ ಎಸೆಯುತ್ತಿದ್ದರು. ಇಷ್ಟಿದ್ದ ಮೇಲೆ ನೊಣಕ್ಕೆ ಮತ್ತೇನು ಬೇಕು? ರೊಟ್ಟಿ ಮುರಿಯುವಷ್ಟರಲ್ಲಿ ಪಲ್ಯ ಕಪ್ಪಾಗುತ್ತಿತ್ತು. ಮಲಗಿದ ರೋಗಿಯ ತುಟಿ, ಕಣ್ಣಿನ ಮೂಲೆ, ಕೂಸಿನ ಹೊಕ್ಕಳು, ಎಲ್ಲಿ ಹಸಿ ಇದೆಯೋ ಅಲ್ಲೆಲ್ಲ ನೊಣ. ಕಬ್ಬಿಣದ ಮಂಚಗಳ ಸಂದಿಯಲ್ಲಿ ತಿಗಣೆ, ಔಷಧದ ಕಪಾಟಿನಲ್ಲಿ ಜೊಂಡಿಗ, ಅಂದರೆ ಜಿರಲೆ. ಊರಿನವರು ನಮ್ಮದಕ್ಕೆ ‘ನೊಣದ ದವಾಖಾನಿ’ ಅಂತ ಹೆಸರಿಟ್ಟಿದ್ದರು. ಇಡೀ ವರ್ಷದಲ್ಲಿ ಹೆರಿಗೆಗೆ ಬಂದವರು ಇಬ್ಬರು. ಉಳಿದವರು ಮನೆಯ ಕತ್ತಲೆ ಖೋಲಿಯಲ್ಲೇ ಹೆರುತ್ತಿದ್ದರು, ಕೆಲವರು ಅಲ್ಲೇ ಸಾಯುತ್ತಿದ್ದರು.

ಒಂದು ಶುಕ್ರವಾರ ಡಾಕ್ಟರು ಹೆರಿಗೆ ಖೋಲಿಯ ಬಾಗಿಲಲ್ಲಿ ನಿಂತು, ಮೂಗಿಗೆ ಕರವಸ್ತ್ರ ಹಿಡಿದು ಹೇಳಿದರು: “ಗುರುಬಾಯಿ, ಈ ಖೋಲಿ ನೋಡಿದ್ರ ನಾನೂ ನನ್ನ ಹೆಂಡತೀನ ಇಲ್ಲಿಗಿ ತರಂಗಿಲ್ಲ. ಏನಾರ ಮಾಡು.”

ನನಗೆ ಸಿಟ್ಟು ಬಂತು. ಸಿಟ್ಟು ಬಂದರೆ ನಾನು ಕೆಲಸ ಮಾಡುತ್ತೇನೆ. ಹಿತ್ತಲಲ್ಲಿ ಸೊಂಟದುದ್ದ ಕುಣಿ ತೋಡಿದೆ. ಹತ್ತಿ, ಮಾಸು, ಎಲ್ಲವನ್ನೂ ಅದರೊಳಗೆ ಹಾಕಿ ಮೇಲೆ ಸುಣ್ಣ, ಸುಣ್ಣದ ಮೇಲೆ ಮಣ್ಣು. ಮಂಚಗಳನ್ನು ಅಂಗಳಕ್ಕೆ ಎಳೆದು, ಕುದಿಯುವ ನೀರು ಹೊಯ್ದು, ಸಂದಿಗಳಿಗೆ ಕೋಳಿ ಪುಕ್ಕದಿಂದ ಸೀಮೆಎಣ್ಣೆ ಸವರಿ ಮೂರು ದಿನ ಬಿಸಿಲಿಗೆ ಬಿಟ್ಟೆ. ಇರುವೆ ಹತ್ತದ ಹಾಗೆ ಮಂಚದ ಕಾಲಿಗೆ ನೀರಿನ ಡಬ್ಬಿ ಇಟ್ಟೆ. ಎಮ್ಮೆಗಳನ್ನು ಕಲ್ಲು ಹೊಡೆದು ಓಡಿಸಿದೆ. ತಿಪ್ಪೆ ತೆಗೆಸಿರಿ ಅಂತ ಗೌಡರ ಮನೆಗೂ ಹೋದೆ.

ಗೌಡರು ಕಟ್ಟೆಯ ಮೇಲೆ ಕೂತಿದ್ದರು. “ತಿಪ್ಪಿ ನಮ್ಮ ಮುತ್ಯಾನ ಕಾಲದ್ದು. ನಿಮ್ಮ ದವಾಖಾನಿ ನಿನ್ನೆ ಬಂದದ. ಯಾರು ಸರಿಬೇಕು ನೀನೇ ಹೇಳು,” ಎಂದರು.

“ಹಂಗಾರ ನಿಮ್ಮ ಮನಿ ಹೆಣ್ಮಕ್ಕಳ ಹೆರಿಗಿ ತಿಪ್ಪಿ ಮ್ಯಾಲೇ ಮಾಡಸ್ರಿ ಗೌಡ್ರ,” ಎಂದು ಬಂದುಬಿಟ್ಟೆ. ತಿಪ್ಪೆ ಸರಿಯಲಿಲ್ಲ.

ತಿಗಣೆ ಹೋದವು, ಜೊಂಡಿಗ ಕಡಿಮೆಯಾದವು. ತಿಪ್ಪೆ ಇರುವ ತನಕ ನೊಣ ಮಾತ್ರ ಹೋಗುವ ಹಾಗಿರಲಿಲ್ಲ. ಬೇವಿನ ಸೊಪ್ಪಿನ ಹೊಗೆ ಹಾಕಿದರೆ ಮಲಗಿದ ರೋಗಿಗಳು ಕೆಮ್ಮುತ್ತಿದ್ದರು, ನೊಣ ಬಾಗಿಲ ಹೊರಗೆ ಕೂತು ಕಾಯುತ್ತಿದ್ದವು. ಆಗ ಕಂಪೌಂಡರು ಒಂದು ಪೊಟ್ಟಣ ತಂದುಕೊಟ್ಟರು. ಮಲೇರಿಯಾದವರು ಮನೆ ಗೋಡೆಗೆ ಹೊಡೆಯುವ ಪುಡಿ, ಮ್ಯಾಲಥಿಯಾನ್ ಅಂತ. ಉಳಿದದ್ದನ್ನು ಅವರು ಕೇಳಿ ಇಸಕೊಂಡಿದ್ದರು, ರಿಜಿಸ್ಟರಿನಲ್ಲಿ ಬರೆಸಿರಲಿಲ್ಲ. “ಬೆಲ್ಲದಾಗ ಕಲಸಿ ಇಡು. ನೊಣಾ ತಿಂದು ಅಲ್ಲೇ ಬೀಳತಾವ,” ಎಂದರು.

ಹಾಗೇ ಮಾಡಿದೆ. ನಿಂಬೆಹಣ್ಣಿನಷ್ಟು ಬೆಲ್ಲವನ್ನು ಒಂದಿಷ್ಟು ನೀರು ಹಾಕಿ ನಾದಿ, ಅದರಲ್ಲಿ ಒಂದು ಚಮಚ ಪುಡಿ ಸೇರಿಸಿ ಮತ್ತೆ ಉಂಡೆ ಕಟ್ಟಿ, ಬಿಳಿ ಪಿಂಗಾಣಿ ತಟ್ಟೆಯಲ್ಲಿ ಇಟ್ಟೆ. ಮೊದಲ ದಿನ ಮೊರದ ತುಂಬ ನೊಣ ಗುಡಿಸಿದೆ. ಎಂಟು ದಿನದಲ್ಲಿ ಖೋಲಿಯಲ್ಲಿ ಕೂತು ಉಣ್ಣುವ ಹಾಗಾಯಿತು. ಡಾಕ್ಟರು ಬಂದು ಗೋಡೆ, ಮಂಚ, ನೆಲ ನೋಡಿ “ಭೇಷ್” ಎಂದರು. ನನಗೆ ಹೆಮ್ಮೆ ಆಯಿತು. ಮೇ ತಿಂಗಳ ಹೊತ್ತಿಗೆ ಒಬ್ಬಳ ಬೆನ್ನಿಗೆ ಒಬ್ಬಳು ಮೂವರು ಹೆರಿಗೆಗೆ ಬಂದರು. ಮೂರನೆಯವಳು ಕಸ್ತೂರಿ ಅಂತ, ಅದೇ ಊರಿನ ಮಗಳು. ಹೊಳೆಯಾಚೆ ಜೇವರ್ಗಿ ಕಡೆಯ ಊರಿಗೆ ಕೊಟ್ಟಿದ್ದರು, ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಗಂಡು ಕೂಸು.

ನನ್ನ ತಪ್ಪನ್ನು ಈಗ ಬರೆಯುತ್ತೇನೆ. ಒಳಗೆ ನೊಣ ಕಡಿಮೆಯಾದ ಮೇಲೆ ಪಡಸಾಲೆಯಲ್ಲಿ ಹೆಚ್ಚಾದವು. ಅಲ್ಲಿ ರೋಗಿಗಳಿಗೆ ಕುಡಿಯುವ ನೀರಿನ ಹರವಿ ಇತ್ತು, ಮೇಲೆ ತಾಮ್ರದ ತಂಬಿಗೆ. ನೀರು ಚೆಲ್ಲಿ ಹಸಿ ಇರುವ ಕಡೆ ನೊಣ ಕೂಡುತ್ತವೆ. ಅದಕ್ಕೆ ತಟ್ಟೆಯನ್ನು ಹರವಿಯ ಪಕ್ಕದಲ್ಲೇ, ಕಟ್ಟೆಯ ಮೇಲೆ ಇಟ್ಟೆ.

ನಮ್ಮ ಕಡೆ ಬಿಸಿಲಲ್ಲಿ ಯಾರಾದರೂ ಬಂದರೆ ಮೊದಲು ಮಾತಾಡಿಸುವುದಿಲ್ಲ, ಒಂದು ತುಂಡು ಬೆಲ್ಲ ಮತ್ತು ಒಂದು ತಂಬಿಗೆ ನೀರು ಮುಂದಿಡುತ್ತೇವೆ. ಬಂದವರು ಬೆಲ್ಲ ಬಾಯಿಗೆ ಹಾಕಿ ನೀರು ಕುಡಿದ ಮೇಲೆ “ಎಲ್ಲಾ ಆರಾಮ?” ಅಂತ ಮಾತು. ಹೆಣ್ಣು ಕೊಟ್ಟ ಮನೆಯ ಬೀಗರು ಬಂದರಂತೂ ಇದನ್ನು ಮರೆಯುವ ಹಾಗೇ ಇಲ್ಲ, ಮರೆತರೆ ಹತ್ತು ವರ್ಷ ಆಡಿಕೊಳ್ಳುತ್ತಾರೆ. ಹುಟ್ಟಿದಾಗಿನಿಂದ ನಾನೂ ಇದನ್ನೇ ಮಾಡಿದವಳು. ಆದರೂ ನೀರಿನ ಪಕ್ಕ ಬೆಲ್ಲ ಇಡುವಾಗ ನನಗೆ ಅದು ನೆನಪಾಗಲಿಲ್ಲ. ನನ್ನ ತಲೆಯಲ್ಲಿ ಆಗ ನೊಣ ಬಿಟ್ಟು ಬೇರೆ ಏನೂ ಇರಲಿಲ್ಲ. ನನ್ನ ಖೋಲಿಗೆ ಬೆಲ್ಲ ನೀರು ಕೊಡುವಂಥ ಒಬ್ಬ ಮನುಷ್ಯನೂ ಬಂದು ಒಂದು ವರ್ಷದ ಮೇಲಾಗಿತ್ತು. ಅದೂ ಕಾರಣ ಇರಬಹುದು. ನೆಪ ಹೇಳುತ್ತಿಲ್ಲ.

ಕಸ್ತೂರಿಯ ಹೆರಿಗೆಯ ಮರುದಿನ, ಬುಧವಾರ, ಡಾಕ್ಟರು ಬರುವ ದಿನ ಅಲ್ಲ. ಮಧ್ಯಾಹ್ನ ಹನ್ನೆರಡರ ಸುಮಾರಿಗೆ ಪಡಸಾಲೆಯ ಸತ್ತ ನೊಣ ಗುಡಿಸಿ, ತಟ್ಟೆಗೆ ಹೊಸ ಉಂಡೆ ಇಟ್ಟು, ಹಿತ್ತಲಿಗೆ ಹೋಗಿ ಕುಣಿಗೆ ಮಣ್ಣು ಎಳೆಯುತ್ತಿದ್ದೆ. ಕಸ್ತೂರಿಯ ತಾಯಿ ಅಡುಗೆಗೆ ಮನೆಗೆ ಹೋಗಿದ್ದಳು. ಕಸ್ತೂರಿ ಒಳಗೆ ನಿದ್ದೆಯಲ್ಲಿದ್ದಳು. ಆ ಹೊತ್ತಿಗೆ ಅವಳ ಅತ್ತೆ ಶರಣಮ್ಮ ಮೊಮ್ಮಗನನ್ನು ನೋಡಲು ಬಂದಳು, ಜೊತೆಗೆ ಕಸ್ತೂರಿಯ ಗಂಡ ಮಲ್ಲಣ್ಣ. ಬೇಸಿಗೆಯಲ್ಲಿ ಹೊಳೆ ಇಳಿದಿತ್ತು. ಇಬ್ಬರೂ ಕಾದ ಉಸುಕಿನಲ್ಲಿ ನಡೆದೇ ದಾಟಿ ಬಂದಿದ್ದರು. ಮಲ್ಲಣ್ಣ ತಾಯಿಯನ್ನು ಪಡಸಾಲೆಯ ನೆರಳಲ್ಲಿ ಕೂಡಿಸಿ, ಗಂಟು ಇಟ್ಟು ಬರಲು ಮಾವನ ಮನೆಗೆ ಹೋದ.

ಶರಣಮ್ಮನ ಪಕ್ಕದಲ್ಲಿ ಹರವಿ, ತಂಬಿಗೆ, ಬಿಳಿ ತಟ್ಟೆಯಲ್ಲಿ ಬೆಲ್ಲ. ಬೀಗರು ತನಗೆಂದೇ ಇಡಿಸಿದ್ದಾರೆ ಅಂತ ತಿಳಿದಳು. ಬೇರೆ ಏನು ತಿಳಿಯಬೇಕಿತ್ತು?

ನಾನು ಕೈ ತೊಳೆದು ಪಡಸಾಲೆಗೆ ಬಂದಾಗ ಅವಳು ತಂಬಿಗೆ ಕೆಳಗಿಟ್ಟು ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತಿದ್ದಳು. ಎಪ್ಪತ್ತರ ಹತ್ತಿರದ ಮುದುಕಿ, ಮೂಗಿನಲ್ಲಿ ತಪಕೀರು, ಅಂದರೆ ನಶ್ಯ. ಬೆಲ್ಲದಲ್ಲಿ ಕಲಸಿದ ಪುಡಿಗೆ ಕೊಳೆತ ಬೆಳ್ಳುಳ್ಳಿಯ ವಾಸನೆ. ತಪಕೀರು ತುಂಬಿದ ಮೂಗಿಗೆ ಅದು ಹೇಗೆ ಗೊತ್ತಾಗಬೇಕು?

“ಶರಣ್ರಿ,” ಎಂದಳು. “ನೀವು ಆಯಾಬಾಯಿ ಏನ್ರಿ? ನಾ ಕಸ್ತೂರಿ ಅತ್ತಿ. ಬೆಲ್ಲಾ ಯಾಕೋ ಕಹಿ ಅದಲ್ರಿ. ಸರಕಾರದ ಬೆಲ್ಲಾ ಹಿಂಗೇ ಇರತದೇನು ಅಂದೆ.” ತಾನೇ ನಕ್ಕಳು.

ತಟ್ಟೆ ನೋಡಿದೆ. ಉಂಡೆಯಲ್ಲಿ ಅರ್ಧ ಇರಲಿಲ್ಲ.

ಆಗಲೇ ಬಾಯಿ ಬಿಟ್ಟಿದ್ದರೆ, ಉಪ್ಪುನೀರು ಕುಡಿಸಿ ವಾಂತಿ ಮಾಡಿಸಿದ್ದರೆ, ಇಷ್ಟು ಬರೆಯುವ ಕೆಲಸ ಇರುತ್ತಿರಲಿಲ್ಲ. ನಾನು ಏನು ಮಾಡಿದೆ ಅಂದರೆ, ಆ ತಟ್ಟೆಯನ್ನು ಎತ್ತಿಕೊಂಡು ಬೋರಿಂಗ್ ಪಂಪಿನ ಹತ್ತಿರ ಹೋಗಿ ಬೂದಿ ಹಾಕಿ ತೊಳೆದೆ. ಎರಡು ಸಲ ತೊಳೆದೆ. ಸ್ವಲ್ಪವೇ ತಿಂದಿದ್ದಾಳೆ, ಏನೂ ಆಗುವುದಿಲ್ಲ, ನೊಣ ಎಷ್ಟು, ಮನುಷ್ಯ ಎಷ್ಟು ಅಂತ ನನಗೆ ನಾನೇ ಹೇಳಿಕೊಂಡೆ. ವಾಪಸು ಬಂದು ಅವಳ ಮುಂದೆ ಕೂತೆ. ಅವಳು ಮಾತಾಡುತ್ತಲೇ ಇದ್ದಳು. ನನ್ನ ಊರು ಯಾವುದು, ಗಂಡ ಏನಾಗಿ ಸತ್ತ, ಒಬ್ಬಳೇ ಹೇಗೆ ಇರುತ್ತಿ, ರೊಟ್ಟಿ ಎಷ್ಟು ಮಾಡಿಕೊಳ್ಳುತ್ತಿ ಅಂತ ಕೇಳಿದಳು. ಒಂದು ವರ್ಷದಿಂದ ನನ್ನನ್ನು ಇಷ್ಟು ಕೇಳಿದವರು ಯಾರೂ ಇಲ್ಲ. ಉತ್ತರ ಹೇಳುತ್ತಾ ಅವಳ ಮುಖವನ್ನೇ ನೋಡುತ್ತಿದ್ದೆ.

ಮುಕ್ಕಾಲು ತಾಸಿನ ಮೇಲೆ ಅವಳ ಮೈಯೆಲ್ಲ ಬೆವರಿತು. ಹೊಟ್ಟೆ ಹಿಡಿದುಕೊಂಡು ವಾಂತಿ ಮಾಡಿದಳು. ಮತ್ತೆ ಮಾಡಿದಳು, ಸೀರೆಯಲ್ಲೇ ಭೇದಿಯೂ ಆಯಿತು. ಬಾಯಿಂದ ಜೊಲ್ಲು ನಿಲ್ಲಲಿಲ್ಲ. ಮಲ್ಲಣ್ಣ ಓಡಿ ಬಂದ. ಕಂಪೌಂಡರು ಒಳಗಿನಿಂದ ಬಂದರು. ಅವರಿಗೆ ತಟ್ಟೆ ಇದ್ದ ಜಾಗ ಗೊತ್ತಿತ್ತು. ಈಗ ಅಲ್ಲಿ ತಟ್ಟೆ ಇಲ್ಲದ್ದನ್ನೂ ನೋಡಿದರು. ನನ್ನನ್ನು ನೋಡಿದರು.

ಅಫಜಲಪುರಕ್ಕೆ ಹೋಗುವ ಬಸ್ಸು ಎರಡು ಗಂಟೆಗೆ ಬಂತು. ಮುದುಕಿಯನ್ನು ಎತ್ತಿ ಹಿಂದಿನ ಸೀಟಿನಲ್ಲಿ ಮಲಗಿಸಿದೆವು. ನಾನು ಹತ್ತುವಾಗ ಕಂಪೌಂಡರು ಬಾಗಿಲಲ್ಲಿ ನನ್ನ ರಟ್ಟೆ ಹಿಡಿದು ತಗ್ಗಿದ ದನಿಯಲ್ಲಿ ಹೇಳಿದರು: “ಬಿಸಿಲ ಬಡದದ ಅನ್ನು. ಹೊಳಿ ದಾಟಿ ನಡಕೋತ ಬಂದಾಳ, ಯಾರೂ ಕೇಳಂಗಿಲ್ಲ. ಬ್ಯಾರೆ ಏನಾರ ಅಂದಿ ಅಂದ್ರ ನಿನ್ನ ನೌಕರಿ ಇರಂಗಿಲ್ಲ. ಪುಡಿ ನಾ ಕೊಟ್ಟಿಲ್ಲ, ತಿಳಕೋ.”

ನೌಕರಿ ಹೋದರೆ ನನಗೆ ಹೋಗಲು ಊರಿಲ್ಲ. ಹಿರೋಳ್ಳಿಯ ಮನೆಯನ್ನು ಮೈದುನ ತನ್ನದು ಮಾಡಿಕೊಂಡಿದ್ದ. ಬಸ್ಸಿನಲ್ಲಿ ಒಂದು ತಾಸು ಶರಣಮ್ಮನ ತಲೆ ನನ್ನ ತೊಡೆಯ ಮೇಲೆ ಇತ್ತು. ಜೊಲ್ಲಿಗೆ ನನ್ನ ಸೀರೆ ನೆನೆದು ಹೋಯಿತು. ಮೈ ಅಲ್ಲಲ್ಲಿ ಅದುರುತ್ತಿತ್ತು, ಚರ್ಮದ ಕೆಳಗೆ ಹುಳು ಹರಿದ ಹಾಗೆ. ಕಣ್ಣಿನ ರೆಪ್ಪೆ ಎತ್ತಿ ನೋಡಿದೆ. ನಡುವಿನ ಕರಿ ಬೊಟ್ಟು ಸಾಸಿವೆ ಕಾಳಿನಷ್ಟು ಸಣ್ಣಗಾಗಿತ್ತು. ಬಿಸಿಲು ಬಡಿದವರನ್ನು ನಾನು ಆಳಂದದಲ್ಲಿ ಬೇಕಾದಷ್ಟು ನೋಡಿದ್ದೆ. ಅವರ ಮೈ ಒಣಗಿ ಸುಡುತ್ತದೆ. ಇವಳ ಮೈ ಹಸಿಯಾಗಿ ತಣ್ಣಗಿತ್ತು. ಇದು ಬಿಸಿಲಲ್ಲ ಅಂತ ನನಗೆ ಗೊತ್ತಿತ್ತು, ಆ ಬಸ್ಸಿನಲ್ಲಿ ನನ್ನೊಬ್ಬಳಿಗೇ.

ತಾಲೂಕಿನ ದವಾಖಾನೆಯಲ್ಲಿ ಒಬ್ಬ ಡಾಕ್ಟರಮ್ಮ ಇದ್ದರು. ಮೇಜಿನ ಮೇಲೆ ಮಲಗಿಸಿದ ಕೂಡಲೇ ನಾಡಿ ಹಿಡಿದು ಕೇಳಿದರು. ಮಲ್ಲಣ್ಣ ತನಗೆ ಗೊತ್ತಿದ್ದದ್ದನ್ನೇ ಹೇಳಿದ: “ಹೊಳಿ ದಾಟಿ ಬಂದೇವ್ರಿ ಬಾಯಾರ, ಬಿಸಿಲಾಗ. ಬಂದು ಕುಂತಾಳ, ವಾಂತಿ ಚಾಲೂ ಆಗ್ಯಾವ.” ಡಾಕ್ಟರಮ್ಮ ಸಲೈನ್ ಹಚ್ಚಲು ಹೇಳಿದರು. ಬಾಟಲಿ ಬಂತು, ಸೂಜಿ ಬಂತು. ನಾನು ಗೋಡೆಗೆ ಒರಗಿ ನಿಂತಿದ್ದೆ. ಮುದುಕಿಯ ಎದೆಯಿಂದ ಗೊರ ಗೊರ ಅಂತ ನೀರು ತುಂಬಿದ ಸದ್ದು ಬಂತು.

“ಬಾಯಾರ, ಬಿಸಿಲಲ್ರಿ,” ಎಂದೆ. “ನೊಣಕ್ಕ ಇಟ್ಟಿದ್ದ ಬೆಲ್ಲಾ ತಿಂದಾಳ್ರಿ. ನಾನೇ ಇಟ್ಟಿದ್ದೆ.” ಹೇಳುವಾಗಲೇ ಅಳು ಬಂತು. ತಪ್ಪಾಯಿತು, ನನ್ನದೇ ತಪ್ಪು, ನಾನು ರಂಡೆಮುಂಡೆ, ನನಗೆ ಯಾರೂ ಇಲ್ಲ, ಅಂತ ಏನೇನೋ ಅಂದೆ.

ಡಾಕ್ಟರಮ್ಮ ನನ್ನ ಎರಡೂ ಭುಜ ಹಿಡಿದು ಅಲ್ಲಾಡಿಸಿದರು. “ಅಳೂದು ಆಮ್ಯಾಲ ಅಳು. ಯಾವ ಔಷಧ? ಎಷ್ಟು? ಎಷ್ಟು ಹೊತ್ತಾತು?”

ಅಳು ನಿಂತಿತು. “ಮಲೇರಿಯಾದವರ ಪುಡಿ, ಮ್ಯಾಲಥಿಯಾನ್. ನಿಂಬಿಹಣ್ಣಿನಷ್ಟು ಬೆಲ್ಲಕ್ಕ ಒಂದು ಚಮಚ. ಅದರಾಗ ಅರ್ಧ ತಿಂದಾಳ. ಹನ್ನೆರಡೂವರಿಗೆ.” ಗೋಡೆಯ ಗಡಿಯಾರದಲ್ಲಿ ಮೂರು ಹೊಡೆದು ಹತ್ತು ನಿಮಿಷ ಆಗಿತ್ತು. ಎರಡೂವರೆ ತಾಸಿಗೂ ಹೆಚ್ಚು ಹೊತ್ತು ನಾನು ಅದನ್ನು ಹೇಳದೆ ಒಳಗೇ ಇಟ್ಟುಕೊಂಡಿದ್ದೆ.

ಮೂಗಿನಲ್ಲಿ ನಳಿಕೆ ಇಳಿಸಿ ಹೊಟ್ಟೆ ತೊಳೆದರು. ಅಟ್ರೋಪಿನ್ ಅನ್ನುವ ಸೂಜಿ ಕೊಟ್ಟರು. ಈ ತರಹದ ವಿಷ ಮೈಯ ನೀರನ್ನೆಲ್ಲ ಹೊರಗೆ ಹಾಕಿಸಿ ಎದೆಗೆ ತುಂಬಿಸುತ್ತದೆ, ಆ ಸೂಜಿ ಅದನ್ನು ಒಣಗಿಸುತ್ತದೆ ಅಂತ ಆಮೇಲೆ ಡಾಕ್ಟರಮ್ಮನೇ ಹೇಳಿದರು. ಹತ್ತು ಹತ್ತು ನಿಮಿಷಕ್ಕೊಮ್ಮೆ ಕೊಟ್ಟರು. ಪ್ರತಿ ಸೂಜಿಯ ಮೇಲೂ ಬ್ಯಾಟರಿ ಹಿಡಿದು ಕಣ್ಣಿನ ಬೊಟ್ಟು ನೋಡುತ್ತಿದ್ದರು. ನನ್ನನ್ನು ಬೈಯಲು ಅವರಿಗೆ ಪುರುಸೊತ್ತು ಇರಲಿಲ್ಲ.

ಪುರುಸೊತ್ತು ಇದ್ದವನು ಮಲ್ಲಣ್ಣ. “ನಮ್ಮವ್ವಗ ವಿಷಾ ಹಾಕಿ ಬಸ್ಸಿನಾಗ ಬಾಯಿ ಮುಚ್ಚಿ ಕುಂತಿದ್ದೇನು ಬೇ?” ಅಂತ ಕಾಲಿನ ಚಪ್ಪಲಿ ತೆಗೆದ. ವಾರ್ಡಿನ ಇಬ್ಬರು ಹಿಡಿದುಕೊಂಡರು. ಅವನು ಹೊಡೆದಿದ್ದರೂ ನಾನು ಸರಿಯುತ್ತಿರಲಿಲ್ಲ. ಅವನು ಕೇಳಿದ್ದು ಖರೆಯೇ ಇತ್ತು.

ಸಂಜೆ ಆರರ ಹೊತ್ತಿಗೆ ಜೊಲ್ಲು ನಿಂತಿತು. ಎದೆಯ ಸದ್ದು ಕಡಿಮೆಯಾಯಿತು. ಕಣ್ಣಿನ ಬೊಟ್ಟು ದೊಡ್ಡದಾಯಿತು. “ಇನ್ನರ್ಧಾ ತಾಸು ಬಿಟ್ಟು ಹೇಳಿದ್ರ ಏನೂ ಉಪಯೋಗ ಇರತಿದ್ದಿಲ್ಲ,” ಎಂದರು ಡಾಕ್ಟರಮ್ಮ. ಹೊಗಳಲಿಲ್ಲ, ಬೈಯಲೂ ಇಲ್ಲ.

ಶರಣಮ್ಮ ಆರು ದಿನ ಅಲ್ಲಿದ್ದಳು. ನಾನು ಮರುದಿನವೇ ನನ್ನ ದವಾಖಾನೆಗೆ ವಾಪಸು ಬಂದೆ. ನಮ್ಮ ಡಾಕ್ಟರು ನನ್ನ ಹೇಳಿಕೆ ಬರೆದುಕೊಂಡು ಸಹಿ ಮಾಡಿಸಿದರು. ಮೇಲಿನಿಂದ ಕಾರಣ ಕೇಳಿ ಕಾಗದ ಬಂತು. ಕಂಪೌಂಡರು ತಮಗೆ ಪುಡಿಯ ವಿಷಯವೇ ಗೊತ್ತಿಲ್ಲ ಅಂತ ಬರೆದುಕೊಟ್ಟರು. ನಾನು ಅವರ ಹೆಸರು ಹೇಳಿದ್ದೆ, ಆದರೆ ಕಾಗದದಲ್ಲಿ ಎಲ್ಲೂ ಅವರ ಸಹಿ ಇರಲಿಲ್ಲ. ನೌಕರಿ ಹೋಗಲಿಲ್ಲ, ಬಡ್ತಿ ನಿಂತಿತು. ಕಂಪೌಂಡರು ಅವತ್ತಿನಿಂದ ನನ್ನೊಂದಿಗೆ ಮಾತು ಬಿಟ್ಟರು. ಕೆಲಸ ಇದ್ದರೆ ಮೇಜು ಬಡಿಯುತ್ತಿದ್ದರು, ನಾನು ಹೋಗುತ್ತಿದ್ದೆ. ಹಗಲು ಹೊತ್ತಿನಲ್ಲಿ ಮಾತಾಡಲು ಇದ್ದ ಒಂದೇ ಬಾಯಿ ಅದು. ಅದೂ ಮುಚ್ಚಿತು. ಊರಿನವರು ದವಾಖಾನೆಯ ಹರವಿಯ ನೀರು ಮುಟ್ಟುವುದನ್ನೇ ಬಿಟ್ಟರು. ನಾನು ಮಾತ್ರ ದಿನಾ ಅದನ್ನು ತೊಳೆದು ತುಂಬಿಡುತ್ತಿದ್ದೆ, ಕೆಲಸ ಅಂದ ಮೇಲೆ. ಸಂಜೆ ಬೇವಿನ ಗಿಡಕ್ಕೆ ಹೊಯ್ಯುತ್ತಿದ್ದೆ.

ಉಳಿದ ಪುಡಿಯನ್ನು ಡಾಕ್ಟರ ಎದುರಿಗೇ ಕುಣಿಯಲ್ಲಿ ಹೂತೆ. ಗೌಡರ ತಿಪ್ಪೆಯನ್ನು ಡಾಕ್ಟರು ತಹಸೀಲದಾರರಿಗೆ ಬರೆದು ತೆಗೆಸಿದರು, ಅದಕ್ಕೆ ಐದು ತಿಂಗಳು ಹಿಡಿಯಿತು. ಅಲ್ಲಿಯ ತನಕ ಬಾಣಂತಿಯ ಪಕ್ಕ ಕೂತು ಬೀಸಣಿಗೆ ಹಿಡಿದು ನೊಣ ಓಡಿಸಿದೆ. ಕೈ ನೋಯುತ್ತಿತ್ತು, ಅಷ್ಟೇ.

ಶರಣಮ್ಮ ಬಿಡುಗಡೆಯಾದ ದಿನ ಮಗನ ಜೊತೆ ಸೊಸೆ, ಮೊಮ್ಮಗನನ್ನು ನೋಡಲು ಬೀಗರ ಊರಿಗೇ ಬಂದಳು. ದಾರಿಯಲ್ಲಿ ದವಾಖಾನೆಯ ಮುಂದೆ ನಿಂತಳು. ಸೊರಗಿದ್ದಳು. ನಾನು ಅಂಗಳಕ್ಕೆ ಹೋಗಿ ಎದುರಿಗೆ ನಿಂತೆ. ಮಲ್ಲಣ್ಣ ಮುಖ ತಿರುಗಿಸಿದ.

“ನನ್ನ ಕಡಿಂದ ತಪ್ಪ ಆಗ್ಯಾದ್ರಿ ಯವ್ವಾ,” ಎಂದೆ.

“ಆಗ್ಯಾದ,” ಎಂದಳು. “ನೀ ಹೇಳಿದ್ದಕ್ಕ ಬದಕೇನಿ ಅಂತ ಬಾಯಾರ ಅಂದ್ರು. ಹೇಳಾಕ ತಡಾ ಮಾಡಿದಿ ಅಂತನೂ ಅಂದ್ರು. ಎರಡೂ ಕೇಳೇನಿ ನಾ. ಇನ್ನ ನಿನ್ನ ಕೈ ನೀರು ನಾ ಕುಡಿಯಂಗಿಲ್ಲ.”

ಜಾತಿಗೆ ಆಡಿದ ಮಾತಲ್ಲ ಅದು. ನಾವಿಬ್ಬರೂ ಕೊರಳಲ್ಲಿ ಲಿಂಗ ಕಟ್ಟಿದವರೇ. ಹೆದರಿಕೆಗೆ ಆಡಿದ್ದು, ಮತ್ತು ಅವಳಿಗೆ ಆ ಹಕ್ಕಿತ್ತು.

ಅದಾದ ಮೇಲೆ ಜೇವರ್ಗಿಗೆ ವರ್ಗವಾಗಿ ಅಲ್ಲೇ ನಿವೃತ್ತಿ ಆದೆ. ಕೈಕೆಳಗೆ ಬಂದ ಹೊಸ ಆಯಾಗಳಿಗೆ ಎರಡು ಮಾತು ಹೇಳುತ್ತಿದ್ದೆ. ಹುಳಕ್ಕೆ ಇಡುವ ವಿಷವನ್ನು ಮನುಷ್ಯ ತಿನ್ನುವ ಪದಾರ್ಥದಲ್ಲಿ ಕಲಸಬೇಡಿರಿ, ನೊಣ ಹುಟ್ಟುವ ಹೊಲಸನ್ನು ತೆಗೆಯಿರಿ. ಅದು ಮೈ ಮುರಿಯುವ ಕೆಲಸ, ಅದಕ್ಕೇ ಯಾರೂ ಮಾಡುವುದಿಲ್ಲ. ಎರಡನೆಯದು, ನಿಮ್ಮ ಕೈಯಿಂದ ತಪ್ಪು ನಡೆದರೆ ರೋಗಿಗೆ ನಿಮ್ಮ ಕಣ್ಣೀರು ಔಷಧ ಅಲ್ಲ. ಏನು, ಎಷ್ಟು, ಯಾವಾಗ, ಈ ಮೂರನ್ನು ಹೇಳಿರಿ, ಕೂಡಲೇ ಹೇಳಿರಿ. ಹೇಳಿದ ಮೇಲೆ ಜನ ನಿಮ್ಮನ್ನು ಹತ್ತಿರ ಕರೆಯುತ್ತಾರೆ ಅಂತ ಮಾತ್ರ ತಿಳಿಯಬೇಡಿರಿ, ಕರೆಯುವುದಿಲ್ಲ. ಅದು ಬೇರೆ ಲೆಕ್ಕ.

ನಾನು ಜೇವರ್ಗಿಗೆ ಹೋಗುವ ಮೊದಲು, ಆ ಬೇಸಿಗೆಯಾಗಿ ಮೂರನೇ ವರ್ಷ, ಕಸ್ತೂರಿಯ ಎರಡನೇ ಹೆರಿಗೆ ಬಂತು. ಅವರ ಊರಿಗೆ ಜೇವರ್ಗಿ ದವಾಖಾನೆ ಹತ್ತಿರವಿದ್ದರೂ ಶರಣಮ್ಮ ಗಾಡಿ ಕಟ್ಟಿಸಿ, ಹೊಳೆ ದಾಟಿಸಿ ಸೊಸೆಯನ್ನು ನಮ್ಮ ದವಾಖಾನೆಗೇ ಕರೆತಂದಳು. “ಈಕಿ ತಪ್ಪ ಮಾಡಿದ್ರ ಹೇಳತಾಳ. ಉಳದವ್ರು ಹೇಳತಾರೋ ಇಲ್ಲೋ ಯಾರಿಗಿ ಗೊತ್ತು,” ಅಂತ ನರ್ಸಿನ ಮುಂದೆ ಅಂದಳು, ನನಗೆ ಕೇಳುವ ಹಾಗೆ. ಮೂರು ದಿನ ಇದ್ದರು. ಕೂಸನ್ನು ಒರೆಸಿ ನಾನೇ ಶರಣಮ್ಮನ ಕೈಗೆ ಕೊಟ್ಟೆ. ಕುಡಿಯುವ ನೀರನ್ನು ಎರಡು ಕೊಡದಲ್ಲಿ ಮನೆಯಿಂದಲೇ ತಂದಿದ್ದಳು.